ಹೊಸ್ತಿಲಾಚೆಯ ಇಂಗ್ಲಿಷ್

ನಮ್ಮ ವಠಾರದಲ್ಲಿ ಬೆಂಕಿಯನ್ನು ಇಂಗ್ಲಿಷಿನಲ್ಲಿ ಆರಿಸಿದವರು ಅವರೊಬ್ಬರೇ. ನಾನು ಮದುವೆಯಾಗಿ ಮೈಸೂರಿನಿಂದ ಚಾಮರಾಜಪೇಟೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಪಂಪ್ ಸ್ಟೌ ಹೊತ್ತಿಸಲು ಹೋಗಿ ಜ್ವಾಲೆ ತೊಲೆಯವರೆಗೆ ಎದ್ದಾಗ ನನ್ನ ಕೈಲಾದದ್ದು ಒಂದೇ ಕೆಲಸ, ಕಿರುಚುವುದು. ಎದುರುಮನೆಯಿಂದ ಅವರು ಒದ್ದೆ ಗೋಣಿಚೀಲ ಹಿಡಿದು ಓಡಿಬಂದರು. ಅದನ್ನು ಸ್ಟೌ ಮೇಲೆ ಎಸೆದರು, ಅಂಗಳದಿಂದ ಮಣ್ಣು ಬಾಚಿ ತಂದು ಸುರಿದರು. ಆಮೇಲೆ ಹೊಗೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು, "ಐ ಪುಟ್ ಔಟ್ ದಿ ಫೈರ್!" ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದರು. ನನ್ನ ಕಡೆ ತಿರುಗಿ, "ಸರಿಯೇನೇ?" ಎಂದರು. ಕೇಳಿದ್ದು ನನ್ನ ಕೈ ಸುಟ್ಟಿತೇ ಎಂದಲ್ಲ, ವಾಕ್ಯ ಸರಿಯಾಯಿತೇ ಎಂದು.

ಅವರು ಹೋಗಿ ವರ್ಷವಾಯಿತು. ಮೊನ್ನೆ ಅವರ ಮೊದಲ ವರ್ಷದ ತಿಥಿಗೆ ಹೋಗಿದ್ದೆ. ಅಲ್ಲಿ ಕೇಳಿದ ಒಂದು ಮಾತಿನಿಂದ ಇಷ್ಟನ್ನೂ ಬರೆಯಬೇಕೆನಿಸಿತು. ಆ ಮಾತನ್ನು ಕಡೆಗೆ ಹೇಳುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಸಭೆಯಲ್ಲಿ ಹೆಸರು ಕೂಗಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಹಾಗೆಯೇ ಬರೆಯುತ್ತೇನೆ.

ಅಕ್ಕನಿಗೆ ಆಗ ಮೂವತ್ತರ ಹತ್ತಿರ ಹತ್ತಿರ. ಸರಿಯಾಗಿ ಸೀರೆ ಉಡಲು ಬರುವ ಮೊದಲೇ ಮದುವೆಯಾಗಿ, ಗಂಡನ ಮುಖ ಮನಸ್ಸಿನಲ್ಲಿ ನಿಲ್ಲುವ ಮೊದಲೇ ವಿಧವೆಯಾಗಿ ತವರಿಗೆ ವಾಪಸ್ಸು ಬಂದವರು. ತಂದೆ ಹಠ ಹಿಡಿದು ಮಗಳ ತಲೆ ಬೋಳಿಸಲು ಬಿಡಲಿಲ್ಲ, ಮನೆಯಲ್ಲೇ ಕೂರಿಸಿಕೊಂಡು ಓದು ಬರಹ ಕಲಿಸಿ ಲೋವರ್ ಸೆಕೆಂಡರಿ ಪರೀಕ್ಷೆ ಕಟ್ಟಿಸಿದರು. ಆ ತಂದೆ ತೀರಿಕೊಂಡ ಮೇಲೆ ಅಣ್ಣನ ಮನೆ, ಅಣ್ಣನ ಒಲೆ. ಅಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಕೆಟ್ಟವರಲ್ಲ. ಅತ್ತಿಗೆಯೂ ಕೆಟ್ಟವರಲ್ಲ. ಆದರೆ ಮನೆಯಲ್ಲಿ ಸಂಬಳವಿಲ್ಲದೆ ಅಡುಗೆ ಮಾಡುವ, ಬಾಣಂತನ ಮಾಡುವ ಒಬ್ಬರು ಇದ್ದಾಗ ಅವರನ್ನು ಹೊರಗೆ ಕಳಿಸುವ ಯೋಚನೆ ಯಾವ ಒಳ್ಳೆಯವರಿಗೂ ಬರುವುದಿಲ್ಲ. ಇದು ನನ್ನ ಅಭಿಪ್ರಾಯ. ಅಕ್ಕ ಹೀಗೆಲ್ಲ ಮಾತಾಡುತ್ತಿರಲಿಲ್ಲ. "ನಾನು ಟೀಚರ್ ಆಗ್ಬೇಕು ಕಣೇ" ಎನ್ನುತ್ತಿದ್ದರು, ಅಷ್ಟೆ.

ಟೀಚರಾಗಲು ಟ್ರೈನಿಂಗ್ ಸ್ಕೂಲಿಗೆ ಸೇರಬೇಕು. ಸೇರಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಖಾಸಗಿಯಾಗಿ ಕಟ್ಟಿ ಉಳಿದ ವಿಷಯಗಳಲ್ಲೆಲ್ಲ ದಾಟಿದ್ದರು, ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದರು. ಟ್ರೈನಿಂಗಿಗೆ ವಯಸ್ಸಿನ ಮಿತಿಯೊಂದಿತ್ತು. ಆ ಮಾರ್ಚಿಯಲ್ಲಿ ಪಾಸಾದರೆ ಸೀಟು, ಇಲ್ಲದಿದ್ದರೆ ಆಯುಷ್ಯವಿಡೀ ಅಣ್ಣನ ಮನೆಯ ಒಲೆ. ನಾನು ವಠಾರಕ್ಕೆ ಬಂದಾಗ ಪರಿಸ್ಥಿತಿ ಹೀಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಬಂದಿದ್ದಾಳೆ ಎಂದು ಕಿವಿಗೆ ಬಿದ್ದದ್ದೇ ತಡ, ನನ್ನ ಹೊಸ್ತಿಲಿನ ಅರಿಶಿನ ಆರುವ ಮೊದಲೇ ಅಕ್ಕ ಬಂದು ನಿಂತರು. "ನಿನಗೆ ಇಂಗ್ಲಿಷ್ ಬರುತ್ತಂತಲ್ಲ, ಎಲ್ಲಿ, ಏನಾದ್ರೂ ಮಾತಾಡು" ಎಂದರು. ಹೊಸ ಹುಡುಗಿ ನಾನು, ನಾಚಿಕೊಂಡು ಒಂದೆರಡು ವಾಕ್ಯ ಹೇಳಿದೆ. ಅಂಗಡಿಯಲ್ಲಿ ಬದನೆಕಾಯಿ ಒತ್ತಿ ನೋಡುವವರ ಹಾಗೆ ಕೇಳಿಸಿಕೊಂಡು, "ಸಾಕು, ನೀನೇ ಆಗ್ತೀಯ" ಎಂದರು.

ಹಿಂದಿನ ಸಲದ ಪರೀಕ್ಷೆಯಲ್ಲಿ ಏನು ಬರೆದಿರಿ ಎಂದು ಕೇಳಿದೆ. ಹಸುವಿನ ಮೇಲೆ ಪ್ರಬಂಧ ಎಂದರು. ಬಾಯಿಪಾಠವಿದ್ದದ್ದನ್ನು ಒಪ್ಪಿಸಿದರು. ಹಸು ಕರು ಹಾಕಿತು ಎನ್ನಲು 'ದಿ ಕೌ ಪುಟ್ ಎ ಕಾಫ್'. ಹಸುವಿಗೆ ಹುಲ್ಲು ಹಾಕುತ್ತೇವೆ, ಅಲ್ಲೂ ಪುಟ್. ಕೊಟ್ಟಿಗೆ ಬಾಗಿಲು ಹಾಕುತ್ತೇವೆ, ಪುಟ್. ಬೀಗ ಹಾಕುತ್ತೇವೆ, ಪುಟ್. ಹಾಲಿನವನು ಮನೆಮನೆಗೆ ಹಾಲು ಹಾಕುತ್ತಾನೆ, ಅವನದೂ ಪುಟ್. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ಅಕ್ಕ ನನ್ನನ್ನು ದಿಟ್ಟಿಸಿ ನೋಡಿದರು. "ನಗಬೇಡ. ಕನ್ನಡದಲ್ಲಿ ಒಂದು 'ಹಾಕು' ಇಟ್ಕೊಂಡು ಇಡೀ ಸಂಸಾರ ನಡೆಸ್ತೀವಿ. ಒಗ್ಗರಣೆ ಹಾಕ್ತೀವಿ, ರಂಗೋಲಿ ಹಾಕ್ತೀವಿ, ಲೆಕ್ಕ ಹಾಕ್ತೀವಿ, ಶಾಪಾನೂ ಹಾಕ್ತೀವಿ. ಇಂಗ್ಲಿಷಿನವರಿಗೇನು ಬಂದಿದೆ ರೋಗ?"

ಇಂಗ್ಲಿಷಿನವರೂ ಹಾಗೇ ಅಕ್ಕ, ಅವರ ಪುಟ್ ಕೂಡ ಹತ್ತು ಮನೆ ತಿರುಗುತ್ತೆ, ಆದರೆ ಅವು ನಮ್ಮ ಮನೆಗಳಲ್ಲ ಎಂದೆ. ಪುಟ್ ಆನ್ ಎಂದರೆ ಉಟ್ಟುಕೊಳ್ಳುವುದು, ಪುಟ್ ಔಟ್ ಎಂದರೆ ಆರಿಸುವುದು, ಪುಟ್ ಬೈ ಎಂದರೆ ನಾಳೆಗೆ ಎತ್ತಿಡುವುದು. ಪುಟ್ ಡೌನ್ ಎಂದರೆ ಕೆಳಗಿಡುವುದೂ ಹೌದು, ಬರೆದುಕೊಳ್ಳುವುದೂ ಹೌದು, ಒಬ್ಬರ ಮುಖಕ್ಕೆ ಹೊಡೆದ ಹಾಗೆ ಆಡುವುದೂ ಹೌದು. ಅಕ್ಕನ ಕಣ್ಣು ಅಗಲವಾದವು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡರು. ಜಗಳಕ್ಕೆ ಹೋಗುವ ಮೊದಲು ಬಿಗಿಯುತ್ತಾರಲ್ಲ, ಹಾಗೆ. "ಹಾಗಿದ್ರೆ ಮೊದಲು ಇದೊಂದನ್ನ ಬಗ್ಗಿಸ್ತೀನಿ. ಇದೊಂದು ಬಗ್ಗಿದ್ರೆ ಮಿಕ್ಕಿದ್ದು ತಾನಾಗೇ ಬಗ್ಗುತ್ತೆ" ಎಂದರು. ಇಡೀ ಭಾಷೆಯನ್ನು ಒಂದು ಪದದ ಜುಟ್ಟು ಹಿಡಿದು ಎಳೆದು ತರುತ್ತೇನೆ ಎನ್ನುವ ಈ ಲೆಕ್ಕಾಚಾರ ನನಗೆ ಪೂರ್ತಿ ಹುಚ್ಚೆನಿಸಿತು. ಆದರೆ ಅವರ ಮುಖ ನೋಡಿ ಪುಸ್ತಕ ಬಿಡಿಸಿದೆ.

ಪಾಠ ನಡೆದ ರೀತಿಯನ್ನು ಈಗಿನವರು ನಂಬಲಿಕ್ಕಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಅಡುಗೆಮನೆ ಹೊಕ್ಕರೆ ಅಕ್ಕ ಮಡಿ. ಮಡಿಯಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಅಂಟು ಹಚ್ಚಿದ ರಟ್ಟು, ಯಾರ್ಯಾರೋ ಮುಟ್ಟಿದ ಕಾಗದ, ಎಲ್ಲ ಮೈಲಿಗೆ. ಹಾಗಾಗಿ ನಾನು ಅಡುಗೆಮನೆಯ ಹೊಸ್ತಿಲಿನಾಚೆ ಪುಸ್ತಕ ಬಿಡಿಸಿಕೊಂಡು ಕೂರಬೇಕು, ಗಟ್ಟಿಯಾಗಿ ಓದಬೇಕು. ಅವರು ಒಳಗಿನಿಂದಲೇ ಹೇಳಬೇಕು. ಅಕ್ಷರ ಕಣ್ಣಿಗೆ ಬೀಳುತ್ತಿರಲಿಲ್ಲವಾದ್ದರಿಂದ ಪ್ರತಿ ಪ್ರಯೋಗವೂ ಅವರಿಗೆ ಒಂದೊಂದು ಕೈಕೆಲಸಕ್ಕೆ ಅಂಟಿಕೊಂಡಿತು. ಸೌದೆಯ ಮೇಲೆ ನೀರು ಚಿಮುಕಿಸುವಾಗ ಪುಟ್ ಔಟ್. ಹುಳಿಯ ಪಾತ್ರೆ ಇಳಿಸುವಾಗ ಪುಟ್ ಡೌನ್. ರೇಷನ್ನಿನ ಸಕ್ಕರೆಯಲ್ಲಿ ಒಂದು ಚಮಚ ಹಬ್ಬಕ್ಕೆಂದು ಡಬ್ಬಿಗೆ ಸುರಿಯುವಾಗ ಪುಟ್ ಬೈ. "ಒಂದೇ ಸೌಟು ಕಣೇ. ಹುಳಿಗೂ ಅದೇ, ಪಾಯಸಕ್ಕೂ ಅದೇ. ನಡುವೆ ತೊಳ್ಕೋಬೇಕು ಅಷ್ಟೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನನಗೆ ಪಾಠ ಹೇಳಿದ ಕಾಲೇಜು ಓದಿದ ಯಾವ ಟೀಚರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಧ್ಯಾಹ್ನ ಮಡಿ ಬಿಟ್ಟ ಮೇಲೆ ಪುಸ್ತಕ ಅವರ ಕೈಗೆ ಬರುತ್ತಿತ್ತು. ಆಗಲೂ ಕೂರುತ್ತಿರಲಿಲ್ಲ. ಕಂಬಕ್ಕೆ ಒರಗದೆ, ನಡುಮನೆಯಲ್ಲಿ ನೆಟ್ಟಗೆ ನಿಂತು ಓದುತ್ತಿದ್ದರು. ಕಾಲು ನೋಯಲ್ವೇ ಅಕ್ಕ, ಕೂತ್ಕೊಳ್ಳಿ ಎಂದರೆ, "ಕೂತ್ರೆ ಯಾರಾದ್ರೂ ಕೆಲಸ ಹೇಳ್ತಾರೆ. ನಿಂತಿದ್ರೆ ಏನೋ ಮಾಡ್ತಿದಾಳೆ ಅಂದ್ಕೊಂಡು ಹೋಗ್ತಾರೆ" ಎಂದರು. ನಾನು ಎಷ್ಟೋ ದಿನ ಇದನ್ನು ನಮ್ಮ ಮನೆಯಲ್ಲೂ ಮಾಡಿ ನೋಡಿದ್ದೇನೆ. ನಿಜ.

ವಠಾರದ ಗಂಡಸರಿಗೆ ಇದೊಂದು ತಮಾಷೆಯಾಯಿತು. ಅಕ್ಕನ ಮನೆಯಲ್ಲಿ ಪುಟ್ಟ ಮಗುವಾಗಿದ್ದ ಅಣ್ಣನ ಮಗ ಕೂಡ ದೀಪ ಪುಟ್ ಔಟ್, ಅಂಗಿ ಪುಟ್ ಆನ್ ಎಂದು ತೊದಲತೊಡಗಿದ್ದ. ನಲ್ಲಿಯ ಹತ್ತಿರ ಯಾರೋ ಅಕ್ಕನಿಗೆ ಪುಟ್ಟಮ್ಮ ಎಂದು ಹೆಸರಿಟ್ಟರು. ನನಗೆ ಮೈ ಉರಿಯಿತು, ಹೋಗಿ ಹೇಳಿದೆ. ಅಕ್ಕ ಬಿಂದಿಗೆ ತಿಕ್ಕುತ್ತಿದ್ದವರು ತಲೆಯೆತ್ತಲಿಲ್ಲ. "ಕರೀಲಿ ಬಿಡು. ಇಲ್ಲಿ ಎಲ್ಲರೂ ನನ್ನ 'ಅವಳು' ಅಂತಾರೆ. ಅದಕ್ಕಿಂತ ಇದು ವಾಸಿ" ಎಂದರು. ಅವತ್ತು ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ಎರಡು ಪ್ರಯೋಗಗಳ ಪಾಠ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು, ಪುಟ್ ಆಫ್. ಇವತ್ತು ಮಾಡಬೇಕಾದ್ದನ್ನು ಮುಂದಕ್ಕೆ ಹಾಕುವುದು ಎಂದೆ. ಅಕ್ಕ ರುಬ್ಬುತ್ತಿದ್ದ ಗುಂಡನ್ನು ನಿಲ್ಲಿಸಿ ಜೋರಾಗಿ ನಕ್ಕರು. "ಇಷ್ಟು ವರ್ಷ ಈ ಮನೇಲಿ ನನಗೆ ಆಗಿದ್ದಕ್ಕೆ ಇಂಗ್ಲಿಷ್‌ನಲ್ಲಿ ಹೆಸರಿದೆ ಅಂತ ಗೊತ್ತಿರ್ಲಿಲ್ಲ ನೋಡು. ಅಣ್ಣನ ಮದುವೆ ಅಂತ ಒಂದ್ಸಲ, ಅಪ್ಪನ ಕಾಯಿಲೆ ಅಂತ ಒಂದ್ಸಲ, ಅತ್ತಿಗೆ ಬಾಣಂತನ ಅಂತ ಒಂದ್ಸಲ." ಇನ್ನೊಂದು, ಪುಟ್ ಅಪ್ ವಿತ್. ಅಂದರೆ ಸಹಿಸಿಕೊಳ್ಳುವುದು ಎಂದು ಅರ್ಥ ಹೇಳಿದೆ. ಒಂದು ವಾಕ್ಯ ಮಾಡಿ ಎಂದೆ. ಒಳಗಿನಿಂದ ಸೌಟಿನ ಸದ್ದು ನಿಂತಿತು. "ಮುಂದಿಂದು ಹೇಳು. ಅದು ನನಗೆ ಬರುತ್ತೆ" ಎಂದರು.

ಹೀಗೆ ಚಳಿಗಾಲ ಕಳೆದು ಮಾರ್ಚಿ ಬಂತು. ಪರೀಕ್ಷೆಯ ವೇಳಾಪಟ್ಟಿ ಬಂದ ದಿನ ಅಕ್ಕನ ಅಣ್ಣ ಪಂಚಾಂಗ ತೆಗೆದು ನೋಡಿದರು. ಇಂಗ್ಲಿಷ್ ಪರೀಕ್ಷೆಯ ದಿನವೇ ತಂದೆಯ ತಿಥಿ. ಆದರೂ ಅತ್ತಿಗೆ ಇದ್ದಾರಲ್ಲ, ಅಡುಗೆ ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡಿದ್ದೆವು. ತಿಥಿಯ ಹಿಂದಿನ ದಿನ ಬೆಳಿಗ್ಗೆ ಅತ್ತಿಗೆ ಹೊರಗಾದರು. ತಿಂಗಳ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂರುವ ಕಾಲ ಅದು. ಒಲೆಯ ಹತ್ತಿರ ಬರುವ ಮಾತೇ ಇಲ್ಲ. ತಿಥಿಯ ಅಡುಗೆಗೆ ಹೊರಗಿನವರನ್ನು ಕರೆಸುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಇನ್ನುಳಿದ ಕೈ ಅಕ್ಕನದು ಮಾತ್ರ. ಅವರ ಮನೆಯಲ್ಲಿ ತಿಥಿ ನಡೆಯುವುದು ಸರಿಯಾಗಿ ಹನ್ನೆರಡು ಗಂಟೆಗೆ, ಪರೀಕ್ಷೆ ನಡೆಯುವುದು ಹತ್ತರಿಂದ ಒಂದರವರೆಗೆ.

ನಾನು ಹೋದಾಗ ಅಣ್ಣ ಜಗಲಿಯಲ್ಲಿ ಕೂತಿದ್ದರು, ಅಕ್ಕ ಬಾಗಿಲ ಹತ್ತಿರ ನಿಂತಿದ್ದರು.

"ಅಕ್ಟೋಬರಿಗೆ ಕಟ್ಟಿದ್ರಾಯ್ತು ಕಣಮ್ಮ" ಎನ್ನುತ್ತಿದ್ದರು ಅಣ್ಣ. "ಪರೀಕ್ಷೆ ಎಲ್ಲಿಗೂ ಓಡಿಹೋಗಲ್ಲ. ಅಪ್ಪನ ತಿಥಿ ವರ್ಷಕ್ಕೊಂದೇ ಸಲ."

"ಅಕ್ಟೋಬರ್ ಹೊತ್ತಿಗೆ ನನ್ನ ವಯಸ್ಸು ಮೀರುತ್ತೆ ಅಣ್ಣ. ಆಮೇಲೆ ಟ್ರೈನಿಂಗಿಗೆ ತಗೊಳ್ಳಲ್ಲ."

"ಏನು ಮಾಡೋಕಾಗುತ್ತೆ? ಅಪ್ಪನಿಗಿಂತ ಹೆಚ್ಚಾ ನಿನಗೆ?"

ಅಕ್ಕನ ಮುಖ ಕೆಂಪಾಯಿತು. "ನನಗೆ ಅಕ್ಷರ ತಿದ್ದಿಸಿದ್ದು ಅಪ್ಪನೇ. ಪರೀಕ್ಷೆಗೆ ಹೋಗ್ಬೇಡ ಅಂತ ಅಪ್ಪ ಹೇಳ್ತಿರ್ಲಿಲ್ಲ. ಮುಂದಕ್ಕೆ ಹಾಕಿದ್ದು ಸಾಕು ಅಣ್ಣ. ಇನ್ನು ಹಾಕಲ್ಲ."

ಅಣ್ಣ ಎದ್ದು ಒಳಗೆ ಹೋದರು. ಅಕ್ಕ ನನ್ನ ಕಡೆ ತಿರುಗಿ, "ಹೊರಡು, ಶಾಸ್ತ್ರಿಗಳ ಮನೆಗೆ ಹೋಗ್ಬೇಕು" ಎಂದರು.

ಪುರೋಹಿತರ ಮನೆಗೆ ಹೆಂಗಸು, ಅದರಲ್ಲೂ ವಿಧವೆ, ತಿಥಿಯ ವಿಚಾರ ಮಾತಾಡಲು ತಾನಾಗಿ ಹೋಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಅಕ್ಕ ಗಾಂಧಿಬಜಾರಿನ ಜನರ ನಡುವೆ ನನ್ನನ್ನು ಎಳೆದುಕೊಂಡೇ ನಡೆದರು. ಶಾಸ್ತ್ರಿಗಳು ಬಸವನಗುಡಿಯ ತಮ್ಮ ಮನೆಯ ಪಡಸಾಲೆಯಲ್ಲಿ ದರ್ಭೆ ಕಟ್ಟು ಮಾಡುತ್ತಿದ್ದರು. ವಯಸ್ಸಾದವರು, ಸಿಡುಕಿಗೆ ಹೆಸರಾದವರು.

"ಏನಮ್ಮ, ನಿಮ್ಮಣ್ಣ ಎಲ್ಲಿ?"

"ಅಣ್ಣ ಬಂದಿಲ್ಲ. ನಾನೇ ಒಂದು ವಿಷಯ ಕೇಳೋಕೆ ಬಂದೆ ಶಾಸ್ತ್ರಿಗಳೇ. ತಿಥಿ ಹನ್ನೆರಡಕ್ಕೇ ಆಗ್ಬೇಕು ಅಂತ ಶಾಸ್ತ್ರದಲ್ಲಿ ಇದೆಯಾ?"

ಶಾಸ್ತ್ರಿಗಳ ಹುಬ್ಬು ಮೇಲೇರಿತು. ನಾನು ಕಂಬದ ಹಿಂದೆ ಸರಿದೆ. ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದರು. ಪರೀಕ್ಷೆ, ವಯಸ್ಸು, ಅತ್ತಿಗೆ ಹೊರಗಾದದ್ದು, ಒಂದು ಗಂಟೆಗೆ ಪರೀಕ್ಷೆ ಮುಗಿಸಿ ಓಡಿ ಬಂದರೂ ಹನ್ನೆರಡರ ತಿಥಿಗೆ ವಡೆ ಕರಿಯಲು ಆಗುವುದಿಲ್ಲ ಎನ್ನುವುದು. ಶಾಸ್ತ್ರಿಗಳು ದರ್ಭೆ ಕೆಳಗಿಟ್ಟರು.

"ಹನ್ನೆರಡಕ್ಕೇ ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಅಪರಾಹ್ಣ ಅಂತ ಇದೆ. ಅದು ಮೂರೂವರೆವರೆಗೂ ಇರುತ್ತೆ."

"ಮತ್ತೆ ನಮ್ಮನೇಲಿ ಯಾವಾಗ್ಲೂ ಹನ್ನೆರಡು ಹೊಡೀತಿದ್ದ ಹಾಗೇ ಯಾಕೆ?"

"ನಿಮ್ಮಣ್ಣನಿಗೆ ಹಸಿವು ತಡೆಯಲ್ಲ" ಎಂದರು ಶಾಸ್ತ್ರಿಗಳು. ದರ್ಭೆಯನ್ನು ಮತ್ತೆ ಕೈಗೆತ್ತಿಕೊಂಡು, "ನನಗೂ ಆಮೇಲೆ ಇನ್ನೊಂದು ಮನೆ ಇರುತ್ತೆ" ಎಂದರು.

ಕಂಬದ ಹಿಂದೆ ನನಗೆ ನಗು ಉಕ್ಕಿತು. ಅಕ್ಕ ನಗಲಿಲ್ಲ. "ಎರಡು ಗಂಟೆಗೆ ಬಂದ್ಬಿಡಿ ಶಾಸ್ತ್ರಿಗಳೇ. ಕಾದಿದ್ದಕ್ಕೆ ಎಲ್ಲರಿಗೂ ಎರಡೆರಡು ವಡೆ ಜಾಸ್ತಿ ಬಡಿಸ್ತೀನಿ" ಎಂದರು. ಶಾಸ್ತ್ರಿಗಳು ತಲೆಯಾಡಿಸಿ, ನಿಮ್ಮಪ್ಪನ ಹಾಗೇ ನೀನು, ಅವನೂ ಒಬ್ಬ ಜಗಮೊಂಡ ಎಂದು ಗೊಣಗಿದರು. ಆ ಗೊಣಗಾಟವೇ ಒಪ್ಪಿಗೆ.

ಮರುದಿನ ನಾನು ಸ್ನಾನ ಮುಗಿಸಿ ಮಡಿಯುಟ್ಟು ಹೋಗುವಷ್ಟರಲ್ಲಿ ಅಕ್ಕನ ಅಡುಗೆ ಮುಕ್ಕಾಲು ಮುಗಿದಿತ್ತು. ಬಾಳೆಕಾಯಿ ಪಲ್ಯ, ಗೋರಿಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಪಾಯಸ, ಎಳ್ಳುಂಡೆ ಎಲ್ಲ ಬಾಳೆಲೆ ಮುಚ್ಚಿ ಸಾಲಾಗಿ ಇಟ್ಟಿದ್ದರು. ವಡೆಗೆ ರುಬ್ಬಿ ಇಟ್ಟಿದ್ದರು, ಕರಿಯುವುದೊಂದು ಬಾಕಿ. ವಡೆ ಎಲೆಗೆ ಬಿಸಿಯಾಗಿಯೇ ಬೀಳಬೇಕು, ಅದರಲ್ಲಿ ರಾಜಿಯಿಲ್ಲ. ಅಕ್ಕ ಬರುವವರೆಗೆ ಒಳಗೆ ಯಾರೂ ಕಾಲಿಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕ ಸೀರೆ ಬದಲಾಯಿಸಿ ಹೊರಡುವಾಗ ಹಿತ್ತಿಲ ಕೋಣೆಯಿಂದ ಅತ್ತಿಗೆಯ ದನಿ ಬಂತು. "ನೀನು ಧೈರ್ಯವಾಗಿ ಹೋಗು. ಹಿತ್ತಿಲ ಕಡೆ ಬೆಕ್ಕು ಬರದ ಹಾಗೆ ಕೋಲು ಹಿಡ್ಕೊಂಡು ಕೂತಿದೀನಿ." ಅವರ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಅವತ್ತೇ ಇಳಿದುಹೋಯಿತು. ಶಾಸ್ತ್ರಿಗಳೇ ಒಪ್ಪಿದ ಮೇಲೆ ಅಣ್ಣನೂ ತಡೆಯಲಿಲ್ಲ, ಜಗಲಿಯಲ್ಲಿ ಕೂತು ಬೀದಿಯ ಕಡೆ ನೋಡುತ್ತಿದ್ದರು.

ಹನ್ನೆರಡಾಯಿತು, ಒಂದಾಯಿತು. ಅಣ್ಣನ ಹೊಟ್ಟೆ ತಾಳ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಒಳಗೂ ಹೊರಗೂ ಓಡಾಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಪರೀಕ್ಷೆ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ. ಜಟಕಾ ಹಿಡಿದರೆ ಬೇಗ ಬರಬಹುದು, ಆದರೆ ಅಕ್ಕ ಅದರ ಕಾಸಿಗೆ ಅಣ್ಣನ ಮುಂದೆ ಕೈಯೊಡ್ಡುವವರಲ್ಲ. ನನಗೆ ಇನ್ನೊಂದು ಭಯ. ಈ ಮನುಷ್ಯೆ ಮನೆಯ ಚಿಂತೆಯಲ್ಲಿ ಅರ್ಧಕ್ಕೆ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದುಬಿಟ್ಟರೆ? ಒಂದು ಗಂಟೆ ದಾಟುವವರೆಗೂ ಅವರು ಬರದಿರಲಿ ಎಂದೂ, ದಾಟಿದ ಮೇಲೆ ಬೇಗ ಬರಲಿ ಎಂದೂ ಎರಡೂ ಹರಕೆ ನಾನೇ ಹೊತ್ತೆ.

ಬಂದರು. ಬರಿಗಾಲಲ್ಲಿ ಆ ಬಿಸಿಲಿನಲ್ಲಿ ಹೆಚ್ಚುಕಮ್ಮಿ ಓಡಿಕೊಂಡೇ ಬಂದಿದ್ದರು. ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತರು. ಶಾಸ್ತ್ರಿಗಳು ಇಬ್ಬರು ಬ್ರಾಹ್ಮಣರ ಜೊತೆ ಹೇಳಿದ ಹೊತ್ತಿಗೆ ಬಂದಿದ್ದರು. ವಡೆಯ ತಟ್ಟೆಯನ್ನು ಅಕ್ಕ ಹೊಸ್ತಿಲ ಹತ್ತಿರ ಅಣ್ಣನ ಕೈಗೆ ಕೊಡುವಾಗ ಶಾಸ್ತ್ರಿಗಳ ಕಣ್ಣು ಅವರ ಬೆರಳ ಮೇಲೆ ಬಿತ್ತು.

"ಅದೇನಮ್ಮ, ಬೆರಳೆಲ್ಲ ನೀಲಿ?"

"ಇಂಗ್ಲಿಷು ಶಾಸ್ತ್ರಿಗಳೇ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ."

ಶಾಸ್ತ್ರಿಗಳು ಎಲೆಯ ಕಡೆ ತಲೆ ಬಗ್ಗಿಸಿ ನಕ್ಕರು. ತಟ್ಟೆ ಹಿಡಿದಿದ್ದ ಅಣ್ಣನ ಮೀಸೆಯೂ ಅಲುಗಿದ್ದನ್ನು ನಾನು ಕಂಡೆ.

ಎಲ್ಲ ಮುಗಿದ ಮೇಲೆ ಹಿತ್ತಿಲಲ್ಲಿ ಪಾತ್ರೆಗಳ ನಡುವೆ ಕೇಳಿದೆ, ಹೇಗಾಯಿತು ಎಂದು. ಅಕ್ಕ ಸಿಡಿದರು. "ಒಂದು ಪುಟ್ಟನ್ನೂ ಕೇಳಿರ್ಲಿಲ್ಲ ಕಣೇ! ಅಷ್ಟು ಕಲಿತಿದ್ದೆಲ್ಲ ದಂಡ ಅಂದ್ಕೊಂಡೆ. ಆಮೇಲೆ ಪ್ರಬಂಧ ನೋಡಿದ್ರೆ, ಬೆಂಕಿ ಹತ್ತಿದ ಮನೆ ಅಂತ ಕೊಟ್ಟಿದ್ದಾರೆ! ನಿಮ್ಮನೆ ಸ್ಟೌವನ್ನ ಹೊತ್ತಿಸಿ, ಮನೇನೆಲ್ಲ ಉರಿಸಿ, ನಾನೇ ಆರಿಸಿ ಬಂದೆ." ನಮ್ಮ ಮನೆ ಉರಿದುಹೋದದ್ದಕ್ಕೆ ನಾನು ಇಷ್ಟು ಸಂತೋಷಪಟ್ಟದ್ದು ಆ ಒಂದೇ ಸಲ.

ಫಲಿತಾಂಶ ಬಂದ ದಿನ ಅಣ್ಣ ಕಚೇರಿಯಿಂದ ಮಧ್ಯಾಹ್ನವೇ ಬಂದರು. ಪೇಟ ಕಂಕುಳಲ್ಲಿತ್ತು, ಬೆವರು ಸುರಿಯುತ್ತಿತ್ತು. ನಾನು ನಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಅಕ್ಕ ಎಂದಿನ ಹಾಗೆ ನೀರಿನ ಚೊಂಬು ತಂದು ನಿಂತರು. ಅಣ್ಣ ಚೊಂಬು ತೆಗೆದುಕೊಳ್ಳಲಿಲ್ಲ.

"ಮೊದಲು ಕೂತ್ಕೋ" ಎಂದರು.

"ಯಾಕಣ್ಣ? ಒಲೆ ಮೇಲೆ ಹಾಲಿದೆ."

"ಕೂತ್ಕೊಳ್ಳೇ ಅಂದ್ರೆ. ಪಾಸಾಗಿದೀಯ."

"ಇಂಗ್ಲಿಷ್‌ನಲ್ಲೂ?"

"ಇಂಗ್ಲಿಷ್‌ನಲ್ಲೂ ಕಣಮ್ಮ."

ಅಕ್ಕ ಜಗಲಿಯ ಮೇಲೆ, ಬೀದಿಗೆ ಕಾಣುವ ಹಾಗೆ, ಅಣ್ಣನ ಪಕ್ಕದಲ್ಲೇ ಕೂತರು. ಹಗಲು ಹೊತ್ತಿನಲ್ಲಿ ಅವರು ಕೈಯಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೂತಲ್ಲಿಂದಲೇ ಒಳಗೆ ಕೂಗಿ ಹೇಳಿದರು, "ಅತ್ತಿಗೇ, ಹಾಲು ಉಕ್ಕುತ್ತೆ, ಸ್ವಲ್ಪ ನೋಡ್ಕೊಳ್ಳಿ!" ಅತ್ತಿಗೆ ಎದ್ದು ಹೋಗಿ ನೋಡಿಕೊಂಡರು.

ಟ್ರೈನಿಂಗ್ ಮುಗಿಸಿ ಅಕ್ಕ ಪೇಟೆಯ ಒಂದು ಹುಡುಗಿಯರ ಮಿಡ್ಲ್‌ಸ್ಕೂಲಿಗೆ ಟೀಚರಾದರು, 'ಅವಳು' ಹೋಗಿ 'ಮೇಡಂ' ಆದರು. ಮೊದಲ ದಿನ ಚಪ್ಪಲಿ ಹಾಕಿಕೊಂಡು ವಠಾರದ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಅಭ್ಯಾಸ ಮಾಡಿದ್ದು ನನಗೆ ನೆನಪಿದೆ. ತಮಗೆ ಬಂದದ್ದಷ್ಟಕ್ಕೇ ತೃಪ್ತಿಪಡಲಿಲ್ಲ, ನನ್ನನ್ನೂ ಬಿಡಲಿಲ್ಲ. "ನೀನು ಯಾಕೆ ಮುಂದಕ್ಕೆ ಹಾಕ್ತಿದೀಯ?" ಎಂದು ಕಂಡಾಗಲೆಲ್ಲ ಕೇಳಿ ಕೇಳಿ, ಎರಡು ಮಕ್ಕಳಾದ ಮೇಲೆ ನನ್ನಿಂದ ಇಂಟರ್‌ಮೀಡಿಯಟ್ ಕಟ್ಟಿಸಿದರು. ಆಗ ಹೊಸ್ತಿಲಿನಾಚೆ ಪುಸ್ತಕ ಹಿಡಿದು ಕೂತದ್ದು ಅವರು, ಒಳಗೆ ಸೌಟು ತಿರುಗಿಸುತ್ತಿದ್ದದ್ದು ನಾನು.

ಮುಂದೆ ನನ್ನ ಮಗಳು ಅವರದೇ ಕ್ಲಾಸಿಗೆ ಹೋದಳು. ಒಂದು ಸಂಜೆ ಬಂದು ದೂರು ಹೇಳಿದಳು. "ಅಮ್ಮ, ಮೇಡಂ ಇವತ್ತು ಪುಟ್ ಪಾಠ ಮಾಡಿದ್ರು. ಪುಸ್ತಕದಲ್ಲಿ ಇರೋದನ್ನೆಲ್ಲ ಮಾಡಿದ್ರು, ಪುಟ್ ಅಪ್ ವಿತ್ ಮಾತ್ರ ಬಿಟ್ಬಿಟ್ರು. ನಾನು ಕೇಳಿದ್ದಕ್ಕೆ, ಅದನ್ನ ನಿಮಗೆ ಯಾರೂ ಹೇಳಿಕೊಡೋದು ಬೇಡ, ಮನೇಲೇ ಕಲಿಸ್ತಾರೆ, ಮುಂದಿಂದು ನೋಡಿ ಅಂದ್ರು." ಮಗಳಿಗೆ ನಾನೇ ಅರ್ಥ ಹೇಳಿಕೊಟ್ಟೆ. ಅದೂ ಅವಳಿಗೆ ಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು, ಆದರೆ ಅಕ್ಕನ ಬಾಯಿಂದ ಅದು ಯಾಕೆ ಬರಲಿಲ್ಲ ಎನ್ನುವುದೂ ಗೊತ್ತಿತ್ತು.

ತಿಥಿಯ ವಿಷಯಕ್ಕೆ ಬರುತ್ತೇನೆ. ಆ ಪರೀಕ್ಷೆಯ ಮುಂದಿನ ವರ್ಷದಿಂದ ಅಣ್ಣ ತಾವಾಗಿಯೇ ಶಾಸ್ತ್ರಿಗಳಿಗೆ ಹೇಳಿಕಳಿಸುತ್ತಿದ್ದರಂತೆ, "ಎರಡು ಗಂಟೆಗೆ ಬನ್ನಿ, ನನ್ನ ತಂಗಿ ಸ್ಕೂಲಿಂದ ಬರಬೇಕು" ಎಂದು. ಅಪ್ಪನ ತಿಥಿಯ ವಡೆ ಅವಳೇ ಕರಿಯಬೇಕು ಎನ್ನುವ ಆಸೆ ಅವರಿಗೂ ಇತ್ತು. ಹಸಿವು ತಡೆಯದ ಆ ಮನುಷ್ಯ ತಂಗಿಗಾಗಿ ಹಾಗೆ ಎಷ್ಟು ವರ್ಷ ಕಾದರೋ. ಈಗ ಅವರೂ ಇಲ್ಲ, ಅತ್ತಿಗೆಯೂ ಇಲ್ಲ. ಅಂಗಿ ಪುಟ್ ಆನ್ ಎಂದು ತೊದಲುತ್ತಿದ್ದ ಆ ಹುಡುಗನೇ ಅಕ್ಕನ ಕರ್ಮ ಮಾಡಿದ. ಮೊನ್ನೆ ತಿಥಿಯನ್ನೂ ಅವನೇ ಮಾಡಿದ. ನಾನು ಬೇಗನೆ ಹೋಗಿದ್ದೆ. ಸ್ಕೂಟರಿನಲ್ಲಿ ಬಂದ ಪುರೋಹಿತರು ಹೊಸಬರು, ಅವಸರದವರು. ಬಾಗಿಲಲ್ಲೇ ಗಡಿಯಾರ ನೋಡಿಕೊಂಡು, "ಹನ್ನೆರಡಕ್ಕೇ ಮುಗಿಸಿಬಿಡೋಣ, ನನಗೆ ಇನ್ನೊಂದು ಕಡೆ ಇದೆ" ಎಂದರು. ಅಣ್ಣನ ಮೊಮ್ಮಗನ ಹೆಂಡತಿ, ಮನೆಗೆ ಬಂದು ಇನ್ನೂ ಒಂದೆರಡು ವರ್ಷವಾದ ಹುಡುಗಿ, ಅಡುಗೆಮನೆಯಿಂದ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಬಿಗಿದಿತ್ತು.

"ಆಗಲ್ಲ. ನಮ್ಮನೇಲಿ ತಿಥಿ ಎರಡು ಗಂಟೆಗೇ. ಹಿಂದಿನಿಂದ ಬಂದಿರೋ ಪದ್ಧತಿ, ನಾವು ಬಿಡೋ ಹಾಗಿಲ್ಲ."

ಪುರೋಹಿತರು ಗೊಣಗುತ್ತಾ ಸ್ಕೂಟರ್ ತಿರುಗಿಸಿ, ಎರಡಕ್ಕೆ ಬರುವುದಾಗಿ ಹೇಳಿ ಹೋದರು. ಹುಡುಗಿ ನನ್ನ ಪಕ್ಕ ಬಂದು ದನಿ ತಗ್ಗಿಸಿ ಕೇಳಿದಳು, "ನೀವು ಹಳಬರಲ್ವಾ ಅಜ್ಜಿ, ಎರಡೇ ಗಂಟೆಗೆ ಯಾಕೆ ಅಂತ ನಿಮಗೆ ಗೊತ್ತಾ? ನಮ್ಮನೇಲಿ ಯಾರನ್ನ ಕೇಳಿದ್ರೂ ಪದ್ಧತಿ ಅಂತಾರೆ ಅಷ್ಟೆ."

ಅವಳ ಕೈ ಹಿಡಿದು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ.

"ಗೊತ್ತು ಕಣಮ್ಮ. ಅವತ್ತು ಇಂಗ್ಲಿಷ್ ಪರೀಕ್ಷೆ ಇತ್ತು" ಎಂದೆ.